ಸಭ್ಯ ಭಾಷೆಯ ನಿಯಮವನ್ನು ತಿದ್ದೋಣ



   

ಈ ಸಂಘಟನೆಯಲ್ಲಿರುವ ನಾವು ವೈದ್ಯರಲ್ಲ. ಖಿನ್ನತೆ, ಬೈಪೋಲಾರ್, ಸ್ಕಿಜೋಫ್ರೇನಿಯಾಗಳನ್ನು ಸ್ವತಃ ಉಂಡವರು. ಅದೇ ಸಂಕಟದಲ್ಲಿರುವ ಇನ್ನೊಬ್ಬರಿಗೆ ಫೋನಿನಲ್ಲಿ ಜೊತೆಯಾಗುವವರು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಚಿಕಿತ್ಸೆ ಸಿಗದೆ ಉಳಿದವರು, ಕಾಯಿಲೆಗೆ ತಕ್ಕಂತೆ, ಶೇ. 70ರಿಂದ 92. ಅಂಥವರಲ್ಲಿ ಎಷ್ಟೋ ಮಂದಿ ಮೊದಲ ಸಲ ಬಾಯಿಬಿಡುವುದು ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ, ಮನೆಮಂದಿಯೆಲ್ಲ ಮಲಗಿದ ಮೇಲೆ.

ಅಲ್ಲಿ ಅವರನ್ನು ಎದುರುಗೊಳ್ಳುವುದು ನಮ್ಮ ನಿಯಮ: ಸಭ್ಯ ಭಾಷೆಯಲ್ಲದ ಸಂದೇಶವನ್ನು ಅಡ್ಮಿನ್ ತೆಗೆಯಬೇಕು. 2022ರಲ್ಲಿ ವಾಟ್ಸ್‌ಆ್ಯಪ್, ಸದಸ್ಯರು ಹಾಕಿದ ಮೆಸೇಜನ್ನು ಎಲ್ಲರ ಫೋನಿನಿಂದಲೂ ಅಳಿಸುವ ಅಧಿಕಾರವನ್ನು ಅಡ್ಮಿನ್‌ಗಳಿಗೆ ಕೊಟ್ಟಿತು. ಅಂದಿನಿಂದ ಈ ನಿಯಮ ಮಾಡಿರುವ ಹಾನಿ ನೋಡಿ.

ಹೆರಿಗೆಯ ನಂತರದ ಖಿನ್ನತೆಯಲ್ಲಿದ್ದ ಒಬ್ಬ ತಾಯಿ ಬರೆದರು (ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ): "ನಿಮ್ಮ ಧೈರ್ಯದ ಮಾತು ಸಾಕು ಮಾಡ್ರಿ. ಕೂಸು ಅತ್ತರೂ ನನಗೇನೂ ಅನಸವಲ್ದು. ಹಾಳಾಗಿ ಹೋಗ್ರಿ ಎಲ್ಲಾರೂ." ತಾಸಿನೊಳಗೆ ಮೆಸೇಜು ಮಾಯ, ವಾರದೊಳಗೆ ಅವರೂ ಗ್ರೂಪಿನಿಂದ ಹೊರಗೆ. ಅದೇ ಸಂಜೆ ಲಿಥಿಯಂ ತೆಗೆದುಕೊಳ್ಳುತ್ತಿದ್ದ ಹುಡುಗನಿಗೆ ಇನ್ನೊಬ್ಬರ ಸಲಹೆ: "ದಯವಿಟ್ಟು ತಪ್ಪು ತಿಳಿಯಬೇಡಿ ಸರ್, ಆ ಮಾತ್ರೆ ಬಿಟ್ಟು ಪ್ರಾಣಾಯಾಮ ಮಾಡಿ. ಇಂತಿ ನಿಮ್ಮ ಹಿತೈಷಿ." ಇದು ಉಳಿಯಿತು. ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು ಬೇರೆ. ಲಿಥಿಯಂ ದಿಢೀರನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಅಪಾಯ ಹೆಚ್ಚು. ನಮ್ಮ ನಿಯಮ ಅದನ್ನು ಕೇಳಲಿಲ್ಲ. 'ದಯವಿಟ್ಟು' ಇದೆಯೇ ಎಂದಷ್ಟೇ ನೋಡಿತು.

ಸಿಡುಕು ಕೂಡ ಕಾಯಿಲೆಯ ಲಕ್ಷಣ. ಜ್ವರ ಬಂದವನನ್ನು ಮೈ ಬಿಸಿಯಾಗಿದೆ ಎಂದು ಆಸ್ಪತ್ರೆಯಿಂದ ಆಚೆ ಹಾಕುತ್ತೇವೆಯೇ?

ಇದಕ್ಕಿಂತ ಅಪಾಯದ ಮರ್ಯಾದೆ ಇನ್ನೊಂದಿದೆ. ಯಾರಾದರೂ "ಬದುಕೇ ಬೇಡ ಅನ್ನಿಸ್ತಿದೆ" ಎಂದು ಬರೆದ ಕೂಡಲೇ ನಮ್ಮವರು ಅಕ್ಕರೆಯಿಂದಲೇ ಬರೆಯುತ್ತಾರೆ: "ಅಂಥ ಮಾತು ಆಡಬಾರದಮ್ಮಾ, ಬಿಡ್ತು ಅನ್ನು." ಮನೆಯಲ್ಲಿ ಅಜ್ಜಿ ಕಲಿಸಿದ್ದು. ಆದರೆ ಅಲ್ಲಿಗೆ ಆ ವ್ಯಕ್ತಿಯ ಬಾಯಿ ಮುಚ್ಚಿತು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಭಾಷೆಯ ಮರ್ಯಾದೆಯನ್ನು ಅಭ್ಯಸಿಸಿದ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಕೂಡ, ತುರ್ತಿನಲ್ಲಿ ಜನ ನಯನಾಜೂಕು ಬಿಟ್ಟು ನೇರವಾಗಿ ಮಾತಾಡುತ್ತಾರೆಂದು ಗುರುತಿಸಿದರು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ. ಕಾನೂನೇ ಅಷ್ಟು ಮೆತ್ತಗಾಗಿರುವಾಗ ಒರಟು ಮಾತಿಗೆ ನಾವು ಗ್ರೂಪಿನಿಂದ ಹೊರದೂಡುತ್ತಿದ್ದೇವೆ.

ಇದನ್ನು ಕಾರ್ಯಕಾರಿ ಸಮಿತಿಯಲ್ಲಿ ಎತ್ತಿದಾಗಲೆಲ್ಲ "ಬೈಗುಳಕ್ಕೆ ಬಾಗಿಲು ತೆಗೀತೀರಾ?" ಎಂದರು. ಒಮ್ಮೆ ನನ್ನ ಟಿಪ್ಪಣಿಯನ್ನು ನಡಾವಳಿಯಲ್ಲಿ ಬರೆದುಕೊಳ್ಳಲೇ ಇಲ್ಲ. ಆ ನೋವು ಇನ್ನೂ ಇದೆ, ಮುಚ್ಚಿಡುವುದಿಲ್ಲ. ಜಾತಿ ಹಿಡಿದು, ಹೆಣ್ಣೆಂದು, 'ಹುಚ್ಚ' ಎಂದು ಒಬ್ಬರನ್ನು ಹೀಯಾಳಿಸಿದರೆ ಅಳಿಸಿ. ಅದಕ್ಕೆ ಅಂದೂ ನನ್ನ ವಿರೋಧವಿರಲಿಲ್ಲ. ತಮ್ಮ ಸಂಕಟಕ್ಕೆ ಕಿರುಚುವವರನ್ನು ಹೀಯಾಳಿಸುವವರ ಜೊತೆ ಸೇರಿಸಬೇಡಿ ಎಂದೇ ಕೇಳುತ್ತಿದ್ದೆ.

ಮಾಡಬೇಕಾದದ್ದು ಇಷ್ಟು. ಮಾತ್ರೆ ನಿಲ್ಲಿಸು, ಹೆಚ್ಚಿಸು, ಬದಲಿಸು ಎಂಬ ಸಲಹೆ ಎಷ್ಟೇ ನಯವಾಗಿದ್ದರೂ ತೆಗೆಯಬೇಕು. "ನನಗೆ ಹೀಗಾಯಿತು, ನೀವು ಡಾಕ್ಟರನ್ನು ಕೇಳಿ" ಎಂದರೆ ಇರಲಿ. ಯಾರ ಮೆಸೇಜು ಅಳಿಸಿದರೂ ಅರ್ಧ ಗಂಟೆಯೊಳಗೆ ಅಡ್ಮಿನ್ ಅವರನ್ನು ಖಾಸಗಿಯಾಗಿ ಮಾತಾಡಿಸಬೇಕು, ಕಾರಣ ಹೇಳಬೇಕು. ಒಬ್ಬರೇ ಅಡ್ಮಿನ್ ಯಾರನ್ನೂ ಗ್ರೂಪಿನಿಂದ ತೆಗೆಯಕೂಡದು. ದಿನದ 24 ಗಂಟೆಯೂ ಇರುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಪ್ರತಿ ಗ್ರೂಪಿನ ವಿವರಣೆಯ ಮೊದಲ ಸಾಲಾಗಲಿ. ನೇರವಾಗಿ ಕೇಳುವುದು ಹೇಗೆಂದು ಅಡ್ಮಿನ್‌ಗಳಿಗೆ ತರಬೇತಿ ಬೇಕು. ಅದು ಕಲಬುರಗಿಯವರಿಗೆ ಕಲಬುರಗಿಯ ಮಾತಿನಲ್ಲಿ, ಕುಂದಾಪುರದವರಿಗೆ ಅವರ ಮಾತಿನಲ್ಲಿ ಆಗಬೇಕು. ಬೆಂಗಳೂರಿನ ಪುಸ್ತಕದ ಕನ್ನಡ ಸಾಲದು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಕಾಯಿಲೆಯನ್ನು ದಾಟಿಬಂದ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಲಿ ಎಂಬುದೂ ನನ್ನ ಆಸೆ. ಸರ್ಕಾರ ನಾಳೆಯೇ ಒಪ್ಪುತ್ತದೆಂಬ ನಂಬಿಕೆಯಿಲ್ಲ. ಆದರೂ ಕೇಳುತ್ತಲೇ ಇರುತ್ತೇನೆ.

ನಿಯಮದ ತಿದ್ದುಪಡಿ ಊಟದ ನಂತರದ ಗೋಷ್ಠಿಯಲ್ಲಿ ಮಂಡನೆಯಾಗುತ್ತದೆ. ಈ ಸಲ ಉಪಸಮಿತಿಗೆ ಒಪ್ಪಿಸುವುದಿಲ್ಲ. ಕೈ ಎತ್ತಿಸಿ ಎಣಿಸುತ್ತೇವೆ. ದಯಮಾಡಿ ಯಾರೂ ಊಟ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೊರಡಬೇಡಿ.