ಜಾಲತಾಣದ ಬೀಗದ ಕೈ ಯಾರ ಬಳಿ ಇರಬೇಕು?



ತಲಘಟ್ಟಪುರದ ಸುತ್ತ, ಕನಕಪುರ ರಸ್ತೆಯ ಇಕ್ಕೆಲಗಳಲ್ಲಿ ಒಂದು ಗುಂಟೆ ಜಮೀನಿನ ಬೆಲೆ ಎಷ್ಟೆಂಬುದನ್ನು ತಾವು ಬಲ್ಲಿರಿ. ಆ ಆಸ್ತಿಗಳ ವಿವರ ಇಂದು ಗಣಕಯಂತ್ರದಲ್ಲಿದೆ. ಇ-ಸ್ವತ್ತು, ಪಂಚತಂತ್ರ ತಂತ್ರಾಂಶಗಳನ್ನು ರಾಜ್ಯ ಮಟ್ಟದಲ್ಲಿ ನಿರ್ವಹಿಸಲಾಗುತ್ತದೆ. ಆದರೆ ಪಂಚಾಯಿತಿಯೇ ಖಾಸಗಿಯವರಿಂದ ಜಾಲತಾಣ ಮಾಡಿಸಿ, ಜನರ ಅರ್ಜಿ ಮತ್ತು ದೂರವಾಣಿ ಸಂಖ್ಯೆಗಳನ್ನು ಪಡೆದರೆ ಅವುಗಳ ರಕ್ಷಣೆಯ ಹೊಣೆ ನಮ್ಮದೇ.

2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಅಕ್ರಮವಾಗಿ ಪ್ರವೇಶಿಸಿ 11 ಕೋಟಿ ರೂಪಾಯಿಗೂ ಹೆಚ್ಚು ಠೇವಣಿ ಹಣವನ್ನು ದೋಚಲಾಯಿತು. ಪ್ರಕರಣ ಸಿಐಡಿ ತನಿಖೆಗೆ ಹೋಯಿತು. ಪ್ರವೇಶಾಧಿಕಾರ ಅನ್ಯರ ಪಾಲಾದರೆ ಆಗುವ ಹಾನಿ ಅಂಥದ್ದು.

ಇಂಥ ಜಾಲತಾಣಕ್ಕೆ ಸಾಮಾನ್ಯವಾಗಿ ಒಂದು ಸಂರಚನಾ ಕಡತ, ಅಂದರೆ ಕಾನ್ಫಿಗರೇಷನ್ ಫೈಲ್ ಇರುತ್ತದೆ. ದತ್ತಾಂಶದ ಪಾಸ್‌ವರ್ಡ್ ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತದೆ. ಲಿನಕ್ಸ್ ಸರ್ವರ್‌ನಲ್ಲಿ ಪ್ರತಿ ಕಡತಕ್ಕೂ ಮೂರು ಬಗೆಯವರ ಅನುಮತಿ ನಿಗದಿಯಾಗಿರುತ್ತದೆ: ಒಡೆಯ, ಗುಂಪು, ಇತರರು. ಓದಲು 4, ಬರೆಯಲು 2, ಕಾರ್ಯಗತಗೊಳಿಸಲು 1. ಇವುಗಳ ಮೊತ್ತವೇ ಅನುಮತಿಯ ಅಂಕಿ.

ನಡಾವಳಿ ಪುಸ್ತಕವನ್ನು ಜನರು ನೋಡಬಹುದು, ತಿದ್ದುವಂತಿಲ್ಲ. ಅದು 644 ಇದ್ದಂತೆ. ಸಂರಚನಾ ಕಡತ ನಡಾವಳಿ ಪುಸ್ತಕವಲ್ಲ, ತಿಜೋರಿಯ ಬೀಗದ ಕೈ. ಅದಕ್ಕೆ 640 ಸೂಕ್ತ: ಒಡೆಯನಾದ ಸರ್ವರ್ ಆಡಳಿತಗಾರ ಓದಿ ತಿದ್ದಬಹುದು, ಗುಂಪಾದ ವೆಬ್ ಸರ್ವರ್ ಓದಬಹುದು, ಇತರರಿಗೆ ಏನೂ ಇಲ್ಲ. ಜಾಲತಾಣದ ಗೂಢಲಿಪಿ ಕೀಲಿಗೆ 600 ಇರಲಿ. ‘ಅನುಮತಿ ಇಲ್ಲ’ ಎಂಬ ದೋಷ ಕಂಡೊಡನೆ ಕೆಲವರು 777 ಕೊಟ್ಟು ಕೆಲಸ ಮುಗಿಸುತ್ತಾರೆ. ಹಾಗೆ ಮಾಡುವುದು ತಿಜೋರಿ ತೆರೆದಿಟ್ಟು ಕಚೇರಿಗೆ ಬೀಗ ಹಾಕಿದಂತೆ.

ಅನುಮತಿಯೊಂದೇ ಸಾಲದು. ಕಡತದ ಹಳೆಯ ಪ್ರತಿಯನ್ನು ಬೇರೆ ಹೆಸರಿನಲ್ಲಿ ಸಾರ್ವಜನಿಕ ಫೋಲ್ಡರಿನಲ್ಲಿ ಬಿಟ್ಟರೆ, ವೆಬ್ ಸರ್ವರ್ ತಾನೇ ಅದನ್ನು ಕೇಳಿದವರಿಗೆ ಕೊಟ್ಟುಬಿಡಬಹುದು.

ಆದ್ದರಿಂದ ಗುತ್ತಿಗೆದಾರರ ಬಿಲ್ಲನ್ನು ಅನುಮೋದಿಸುವ ಮುನ್ನ ಸಭೆಯಲ್ಲಿ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ:

1. ಸಂರಚನಾ ಕಡತದ ಒಡೆಯ ಯಾರು? ಅನುಮತಿಯ ಅಂಕಿ ಎಷ್ಟು?
2. 777 ಇರುವ ಕಡತ ಅಥವಾ ಫೋಲ್ಡರ್ ಯಾವುದಾದರೂ ಉಳಿದಿದೆಯೇ?
3. ಹಳೆಯ ಪ್ರತಿಗಳನ್ನು ಸಾರ್ವಜನಿಕ ಫೋಲ್ಡರಿನಿಂದ ತೆಗೆಯಲಾಗಿದೆಯೇ?
4. ಕೆಲಸ ಬಿಟ್ಟುಹೋದ ನೌಕರರ ಖಾತೆ ರದ್ದಾಗಿದೆಯೇ? ಪಾಸ್‌ವರ್ಡ್ ಬದಲಾಗಿದೆಯೇ?

ಅಕ್ರಮ ಪ್ರವೇಶ ಕಂಡುಬಂದರೆ ಮುಚ್ಚಿಡುವಂತಿಲ್ಲ. 2022ರ ಏಪ್ರಿಲ್ 28ರ ನಿರ್ದೇಶನದಂತೆ, ಗಮನಕ್ಕೆ ಬಂದ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು.

ಕಡತಕ್ಕೆ ಅಂಕಿ ಹಾಕುವುದು ತಂತ್ರಜ್ಞರ ಕೆಲಸ. ಹಾಕಿದ್ದಾರೆಯೇ ಎಂದು ಕೇಳುವುದು, ಜನರು ನಂಬಿ ಆರಿಸಿದ ತಮ್ಮ ಕರ್ತವ್ಯ.