ದೀಪಸ್ತಂಭಕ್ಕೆ ಎಷ್ಟು ಉದ್ದದ ಮಸೂರ?

ಉಡುಪಿಯ ದಕ್ಷಿಣಕ್ಕೆ, ಕಾಪುವಿನ ಕಡಲಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ತಾವು ನೋಡಿರಬಹುದು. ಎತ್ತರ ಸುಮಾರು 27 ಮೀಟರು. ದಡದಗುಂಟ 270 ಮೀಟರು ದೂರ ನಡೆದು, ಸಾಮಾನ್ಯವಾದ 50 ಮಿಲಿಮೀಟರು ಮಸೂರದಿಂದ ಅದರ ಚಿತ್ರ ತೆಗೆಯಿರಿ. ಫಿಲ್ಮಾಗಲಿ ಸೆನ್ಸರಾಗಲಿ, 36 ಮಿಲಿಮೀಟರು ಉದ್ದದ ಚೌಕಟ್ಟಿನಲ್ಲಿ ಸ್ತಂಭ ಬರಿಯ 5 ಮಿಲಿಮೀಟರು! ದನ ಕಟ್ಟುವ ಗೂಟದಂತೆ ಕಾಣುತ್ತದೆ.

ಆಗ ದೂರದ್ದನ್ನು ದೊಡ್ಡದು ಮಾಡುವ ಮಸೂರ ಬೇಕೆನಿಸುವುದು ಸಹಜ. ಅದನ್ನು ‘ದೂರಗ್ರಾಹಿ’ ಎನ್ನೋಣವೆಂದು ನನ್ನ ಆಸೆ. ಅಂಗಡಿಯಲ್ಲಿ ಮಾತ್ರ ಟೆಲಿಫೋಟೋ ಎಂದೇ ಕೇಳಿರಿ.

ಅದೇ ಜಾಗದಿಂದ 135ರ ಮಸೂರದಲ್ಲಿ ಸ್ತಂಭ ಹದಿಮೂರೂವರೆ ಮಿಲಿಮೀಟರು, 200ರಲ್ಲಿ 20. ಇಷ್ಟು ಧಾರಾಳವಾಯಿತು. 400ರ ಆಸೆಗೆ ಬಿದ್ದರೆ 40 ಆಗಿ, ದೀಪವಿರುವ ತಲೆಯೇ ಚೌಕಟ್ಟಿನಾಚೆ ಹೋದೀತು.

ಮಸೂರದ ಬಾಯಿ ಅಗಲವಾದಷ್ಟೂ ಬೆಲೆ ಏರುತ್ತದೆ. ಓಡುವ ಆಟಗಾರನನ್ನು ಹಿಡಿಯಲು ಆ ಅಗಲ ಬೇಕು; ದೀಪಸ್ತಂಭ ಎಲ್ಲಿಗೆ ಓಡೀತು? ಕೈಯಿಂದ ತಿರುಗಿಸಿ ಸ್ಫುಟಗೊಳಿಸುವ ಹಳೆಯ 135 ಒಂದನ್ನು ಕೊಂಡು, ಉಳಿದ ಹಣಕ್ಕೆ ಗಟ್ಟಿಯಾದ ಮೂರು ಕಾಲಿನ ಸ್ಟ್ಯಾಂಡು ತನ್ನಿ. ಕಡಲ ಗಾಳಿಗೆ ಅದು ಬೇಕೇ ಬೇಕು. ತಮ್ಮ ಕ್ಯಾಮರಾಕ್ಕೆ ಆ ಮಸೂರವನ್ನು ಕೂಡಿಸುವ ಅಡಾಪ್ಟರು ದೊರೆಯುವುದೇ ಎಂದು ಮೊದಲೇ ವಿಚಾರಿಸಿರಿ.

ಹಳೆಯ ಮಸೂರಕ್ಕೆ ಒಳಗೆ ಬೂಷ್ಟು ಹಿಡಿಯುವುದುಂಟು, ಕರಾವಳಿಯ ತೇವದಲ್ಲಂತೂ ಹೆಚ್ಚು. ಬೆಳಕಿಗೆ ಹಿಡಿದು ನೋಡಿ. ಜೇಡರ ಬಲೆಯಂತಹ ಎಳೆ ಕಂಡರೆ, ಅಂಗಡಿಯವನು ಎಷ್ಟೇ ಇಳಿಸಲಿ, ಬೇಡ.

ಸಂಜೆಯ ಸೂರ್ಯ ಕಡಲ ಕಡೆಗಿರುವುದರಿಂದ ದಡದವರಿಗೆ ಸ್ತಂಭದ ಕರಿಯ ಆಕಾರವಷ್ಟೇ ದಕ್ಕೀತು. ಕಪ್ಪು ಬಿಳುಪಿನ ಪಟ್ಟೆಗಳು ಮೂಡಬೇಕಾದರೆ ಬೆಳಗ್ಗೆಯೇ ಹೋಗಿರಿ.