ತುಳು ಕಲಿಯಬೇಕು, ಮಾತಾಡುವವರು ಯಾರು?



ಪುತ್ತೂರಿನ ಬಸ್ ನಿಲ್ದಾಣದಲ್ಲಿ ಆಗಾಗ ನಡೆಯುವ ಪ್ರಸಂಗವೊಂದಿದೆ. ಬಯಲುಸೀಮೆಯಿಂದ ವರ್ಗವಾಗಿ ಬಂದ ಅಧ್ಯಾಪಕರೊಬ್ಬರು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡ ವಾಕ್ಯವನ್ನು ಧೈರ್ಯ ಮಾಡಿ ಹೊರಗೆ ಬಿಡುತ್ತಾರೆ: "ಸುಳ್ಯದ ಬಸ್ಸ್ ಏಪ ಬರ್ಪುಂಡು?" ಉತ್ತರ ಕನ್ನಡದಲ್ಲಿ ಬರುತ್ತದೆ: "ಈಗ ಬರ್ತದೆ, ಕೂತುಕೊಳ್ಳಿ ಸಾರ್." ಬಸ್ಸು ಬರುತ್ತದೆ. ತುಳು ಬರುವುದಿಲ್ಲ.

ಚೀನೀ ಭಾಷೆ ಕಲಿಯಲು ಚೀನಾಕ್ಕೆ ಹೋದ ವಿದೇಶೀಯರದೂ ಇದೇ ದೂರು. ಅಂಗಡಿಯವನು ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ, ಗೆಳೆಯರು ತಮ್ಮ ಇಂಗ್ಲಿಷನ್ನೇ ತಿದ್ದಿಕೊಳ್ಳಲು ನೋಡುತ್ತಾರೆ. ಬೆಂಗಳೂರಿನಲ್ಲಿ ಕನ್ನಡ ಕಲಿಯ ಹೊರಟವರಿಗೂ ಇದರ ಅನುಭವವಿದೆ. ಅಲ್ಲಿ ಕನ್ನಡಿಗರ ಅತಿಯಾದ ಔದಾರ್ಯವನ್ನು ಹಳಿಯುವವರು, ಪುತ್ತೂರು, ಸುಳ್ಯ, ಕಡಬಗಳಲ್ಲಿ ದೊಡ್ಡಣ್ಣನ ಜಾಗದಲ್ಲಿ ಕುಳಿತಿರುವುದು ಕನ್ನಡವೇ ಎಂಬುದನ್ನು ಗಮನಿಸುವುದಿಲ್ಲ.

ಈ ಸೀಮೆಯಲ್ಲಿ ಮನೆಮಾತು ಒಂದಲ್ಲ. ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮಲೆಯಾಳ ಎಲ್ಲವೂ ಒಂದೇ ಪೇಟೆಯಲ್ಲಿ ಕೇಳಿಸುತ್ತವೆ. ಆದರೆ ಶಾಲೆ, ಕಚೇರಿ, ಪತ್ರಿಕೆಗಳ ಭಾಷೆ ಕನ್ನಡ. ಹೀಗಾಗಿ ಇಲ್ಲಿನವರಿಗೆ ಕನ್ನಡವೆಂದರೆ ಶಾಲೆಯಲ್ಲಿ ಕಲಿತ, ಅಂಗಿಗೆ ಇಸ್ತ್ರಿ ಹಾಕಿದಂಥ ಭಾಷೆ. ಅಪರಿಚಿತನ ಎದುರು ಅದನ್ನು ಧರಿಸುವುದು ಮರ್ಯಾದೆ. ಪರವೂರಿನವನನ್ನು ತುಳುವಿನಲ್ಲಿ ತಡವರಿಸಲು ಬಿಡುವುದು ಅವರಿಗೆ ಅತಿಥಿಯನ್ನು ನಿಲ್ಲಿಸಿ ಮಾತಾಡಿಸಿದಂತೆ.

ಈ ಮರ್ಯಾದೆ ಎಲ್ಲರಿಗೂ ಸಲ್ಲುವುದಿಲ್ಲವೆಂಬುದು ಬೇರೆ ಮಾತು. ತೋಟದ ಕೆಲಸಕ್ಕೆ ದೂರದಿಂದ ಬಂದ ಆಳಿನೊಡನೆ ಯಜಮಾನರು ತುಳುವಿನಲ್ಲೇ ಮಾತಾಡುತ್ತಾರೆ. ಆತ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಲಿತುಬಿಡುತ್ತಾನೆ. ಬ್ಯಾಂಕಿನ ಮ್ಯಾನೇಜರರು ಮೂರು ವರ್ಷವಿದ್ದೂ "ಎಂಚ ಉಲ್ಲರ್" ದಾಟುವುದಿಲ್ಲ. 1964ರ ಭಾರತ–ಸಿಲೋನ್ ಒಪ್ಪಂದದ ಬಳಿಕ ಬಂದು ಸುಳ್ಯದ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳರಲ್ಲಿ ತುಳು ಬಲ್ಲವರು ಸಿಗುತ್ತಾರೆ. ಕುರ್ಚಿ ಎತ್ತರವಾದಷ್ಟೂ ತುಳು ದೂರವಾಗುತ್ತದೆ ಎನ್ನಬೇಕು.

ಪುಸ್ತಕವಿದೆಯಲ್ಲ ಎನ್ನಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ತುಳುವನ್ನು ಶ್ರದ್ಧೆಯಿಂದ ಕಲಿತರು. ಬ್ರಿಗೆಲ್ ಅವರ ವ್ಯಾಕರಣ 1872ರಲ್ಲಿ, ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ ಹೊರಬಂದವು. ಆದರೂ ಕನ್ನಡ ಲಿಪಿಯಲ್ಲಿ 'ಬತ್ತೆ' ಎಂದು ಓದಿದವನಿಗೆ ಅದು 'ನಾನು ಬಂದೆ'ಯೋ 'ಅವನು ಬಂದ'ನೋ ತಿಳಿಯದು. ಕೊನೆಯ ಎಕಾರವನ್ನು ಬಾಯಿ ತೆರೆದು ಹೇಳಿದರೆ ನಾನು, ಬಿಗಿದು ಹೇಳಿದರೆ ಅವನು. ಸಾಮಾನ್ಯ ಅಕ್ಷರದಲ್ಲಿ ಈ ಭೇದಕ್ಕೆ ಗುರುತಿಲ್ಲ, ಕಿವಿಯೇ ಗತಿ. ಪಕ್ಕದ ಹವ್ಯಕರ ಮನೆಗೆ ಹೋದರೆ ಅದೇ 'ಬತ್ತೆ' ಎಂದರೆ 'ಬರುತ್ತೇನೆ'! ಇನ್ನು 'ಇಲ್ಲ' ಎನ್ನಲು ಸಾಮಾನ್ಯ ತುಳುವಿನಲ್ಲಿ 'ಇಜ್ಜಿ', ಬ್ರಾಹ್ಮಣರ ತುಳುವಿನಲ್ಲಿ 'ಇದ್ದಿ'. ಯಾರ ಮನೆಯಲ್ಲಿ ಕಲಿತನೆಂಬುದು ಕಲಿತವನ ಬಾಯಿಯಲ್ಲೇ ಗೊತ್ತಾಗುತ್ತದೆ, ಕೇಳಿದವರು ನಗುತ್ತಾರೆ. ಆ ನಗುವಿನಲ್ಲಿ ಕೇಡಿಲ್ಲ, ಆದರೆ ಎಷ್ಟೋ ಮಂದಿ ಅಲ್ಲಿಗೇ ಕಲಿಕೆ ನಿಲ್ಲಿಸಿದ್ದಾರೆ.

ಅರೆಭಾಷೆಯದು ಇನ್ನೂ ಸೂಕ್ಷ್ಮ. ಸುಳ್ಯ ಹಾಗೂ ಕೊಡಗಿನ ಗೌಡರ ಈ ನುಡಿ ಕನ್ನಡಕ್ಕೆ ತೀರಾ ಹತ್ತಿರ. ಹತ್ತಿರವೆಂಬ ಕಾರಣಕ್ಕೇ ಅದನ್ನು 'ಕೆಟ್ಟ ಕನ್ನಡ' ಎಂದವರಿದ್ದರು. ಹೀಗೆ ಕರೆಸಿಕೊಂಡವರು ಹೊರಗಿನವರ ಮುಂದೆ ಅದನ್ನು ಮಡಚಿಡುವುದು ಸಹಜ. 2011ರಲ್ಲಿ ಅರೆಭಾಷೆಗೆ ಅಕಾಡೆಮಿಯಾಯಿತು. ತುಳುವಿಗೆ 1994ರಲ್ಲೇ ಆಗಿತ್ತು. ನಾಲಗೆಯ ಸಂಕೋಚ ಆದೇಶದಿಂದ ಹೋಗುವಂಥದ್ದಲ್ಲ.

ಇದೇನು, ಹವ್ಯಾಸಿಗಳ ಗೋಳಲ್ಲವೇ ಎಂದು ತಳ್ಳಿಹಾಕುವವರು ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ಅರ್ಧ ಗಂಟೆ ಕೂರಬೇಕು. ಘಟ್ಟದ ಮೇಲಿನಿಂದ ಬಂದ ವೈದ್ಯರು ಕನ್ನಡದಲ್ಲಿ ಕೇಳುತ್ತಾರೆ. ಕಡಬದ ಕಡೆಯ ಅಜ್ಜಿ ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ "ಹೊಟ್ಟೆ ನೋವು" ಎಂದು ಸುಮ್ಮನಾಗುತ್ತಾಳೆ. 'ಬಂಜಿಬೇನೆ' ಎಂದು ಶುರು ಮಾಡಿದ್ದರೆ ಎಲ್ಲಿ, ಯಾವಾಗ, ಉರಿಯೋ ಚುಚ್ಚುವುದೋ ಎಲ್ಲ ಹೇಳುತ್ತಿದ್ದಳು. ನಡುವೆ ಅಟೆಂಡರ್ ದುಭಾಷಿಯಾದರೆ, ಅವನೆದುರು ಹೆಂಗಸರ ಕಾಯಿಲೆಯನ್ನು ಅವಳು ಬಾಯಿ ಬಿಟ್ಟು ಹೇಳುವುದುಂಟೆ? ವೈದ್ಯರು ತುಳು ಕಲಿಯಲು ಯತ್ನಿಸಿದ್ದರು. ನರ್ಸುಗಳು "ಪರವಾಗಿಲ್ಲ ಡಾಕ್ಟ್ರೇ, ನಮಗೆ ಕನ್ನಡ ಬರ್ತದೆ" ಎಂದು ಕೈಬಿಡಿಸಿದ್ದರು.

ಕಲಿತವರು ಕಲಿತದ್ದು ಅಡಿಕೆ ಸುಲಿಯುವ ಜಗಲಿಯಲ್ಲಿ, ಕಬಡ್ಡಿ ಅಂಗಳದಲ್ಲಿ, ಮೀನಿನ ಬುಟ್ಟಿಯ ಎದುರು. ಅಲ್ಲಿ ಕೈಗೆ ಕೆಲಸವಿರುತ್ತದೆ, ಯಾರಿಗೂ ಮರ್ಯಾದೆ ನೆನಪಾಗುವುದಿಲ್ಲ. ಮುದುಕಿಯರು ಎಲ್ಲರಿಗಿಂತ ಒಳ್ಳೆಯ ಗುರುಗಳು. ಕನ್ನಡಕ್ಕೆ ಹೊರಳಲು ಅವರಿಗೆ ಉತ್ಸಾಹವಿಲ್ಲ.

ಅವರಿಗೂ ಈಗ ಶಿಷ್ಯರು ಕಡಿಮೆ. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆಯವರು 18 ಲಕ್ಷ 46 ಸಾವಿರಕ್ಕೂ ಹೆಚ್ಚು. ಆದರೆ ಪುತ್ತೂರಿನಂಥ ಪೇಟೆಯಲ್ಲಿ ತಮ್ಮತಮ್ಮೊಳಗೆ ತುಳು ಆಡುವ ಗಂಡ-ಹೆಂಡತಿ, ಮಗು ಹತ್ತಿರ ಬಂದೊಡನೆ ಕನ್ನಡಕ್ಕೋ ಇಂಗ್ಲಿಷಿಗೋ ತಿರುಗುವುದನ್ನು ಕಾಣಬಹುದು. ಅಜ್ಜಿ ತುಳುವಿನಲ್ಲಿ ಕರೆಯುತ್ತಾಳೆ. ಮೊಮ್ಮಗ ಕನ್ನಡದಲ್ಲಿ "ಬಂದೆ" ಎನ್ನುತ್ತಾನೆ. ಬಾಯಿ ತೆರೆದು ಹೇಳುವ ಆ 'ಬತ್ತೆ', ಬಸ್ ನಿಲ್ದಾಣದ ಅಧ್ಯಾಪಕರಿಗೆ ಬಾರದಿದ್ದ ಹಾಗೆಯೇ, ಅವನಿಗೂ ಬಾರದು.